ಟವೆಲ್ಲಿನ ಕೆಳಗೆ ಕೊಂಡ ಕಾರು

ಆ ಕಾರಿಗೆ ನಾನು ಕೊಟ್ಟದ್ದು ಮೂರು ಸಾವಿರ ರೂಪಾಯಿ. ಕೊಡಬೇಕೆಂದುಕೊಂಡದ್ದು ಮುನ್ನೂರು. ಈ ಎರಡರ ನಡುವೆ ಇದ್ದದ್ದು ಒಂದು ಟವೆಲ್ಲು.

ಹಿರೇಕೆರೂರಿನ ಸಂತೆ ದಾಟಿದರೆ ಫಕ್ಕೀರಪ್ಪನ ಗುಜರಿ ಅಂಗಡಿ. ಗುಜರಿಗೆ ಬರುವ ಮೊದಲು ಫಕ್ಕೀರಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ದನದ ವ್ಯಾಪಾರದಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಟವೆಲ್ಲು ಹೊದಿಸಿ, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಎಷ್ಟಕ್ಕೆ ಹೋಯಿತು ಎಂಬುದು ತಿಳಿಯುವುದಿಲ್ಲ. ಫಕ್ಕೀರಪ್ಪ ದನ ಬಿಟ್ಟ, ಟವೆಲ್ಲು ಬಿಡಲಿಲ್ಲ. ನನಗೂ ಅದು ಅನುಕೂಲ. ಇತ್ತೀಚೆಗೆ ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ; ಬಾಯಿ ವ್ಯಾಪಾರಕ್ಕಿಂತ ಕೈ ವ್ಯಾಪಾರವೇ ವಾಸಿ.

ಅವನು ಐದು ಬೆರಳು ಹಿಡಿದ. ನಾನು ಎರಡು ಹಿಡಿದೆ. ಅವನು ನಾಲ್ಕು, ನಾನು ಮತ್ತೆ ಎರಡು. ಕೊನೆಗೆ ಮೂರಕ್ಕೆ ಇಬ್ಬರೂ ಕೈ ಅದುಮಿದೆವು. ನಾನು ಜೇಬಿನಿಂದ ನೂರರ ಮೂರು ನೋಟು ತೆಗೆದೆ. ಫಕ್ಕೀರಪ್ಪ ಸಂತೆಗೆಲ್ಲ ಕೇಳುವಂತೆ ನಕ್ಕ. ನನಗೇ ಕೇಳಿಸಿತು ಅಂದರೆ ನೋಡಿ.

"ಮಿಸ್ತ್ರ್ಯಾರ, ಇದೇನು ಎಮ್ಮಿ ಕೊರಳಿನ ಗಂಟೆ ಏನ್ರಿ? ಮೂರು ಅಂದ್ರ ಮೂರು ಸಾವಿರ!"

"ಗುಜರಿ ಸಾಮಾನಕ್ಕ ಸಾವಿರದ ಲೆಕ್ಕ ಯಾವಾಗಿಂದಪಾ?"

"ಟವೆಲ್ ಹಾಕಿದ ಮ್ಯಾಲೆ ಸಾವಿರದ ಲೆಕ್ಕಾನರಿ. ನೂರರ ವ್ಯಾಪಾರಕ್ಕ ಯಾರರ ಟವೆಲ್ ಹಾಕ್ತಾರೇನ್ರಿ?"

ಮಾತು ಸರಿಯಾಗಿಯೇ ಇತ್ತು. ಟವೆಲ್ಲಿನ ಕೆಳಗೆ ಒಪ್ಪಿದ ಮೇಲೆ ಹಿಂದೆ ಸರಿದವನ ಜೊತೆ ನಾಳೆ ಯಾರೂ ವ್ಯಾಪಾರ ಮಾಡುವುದಿಲ್ಲ. ಕೊಟ್ಟೆ. ಆದರೆ ಮರ್ಯಾದೆಗೆ ಮಾತ್ರ ಕೊಟ್ಟೆ ಅಂದರೆ ಸುಳ್ಳಾಗುತ್ತದೆ. ಆ ತಗಡಿನ ಕಾರಿನ ಹೊಟ್ಟೆಯೊಳಗೆ ಇಂಜಿನ್ ಇತ್ತು. ಕೀಲಿ ತಿರುಗಿಸುವ ಆಟಿಕೆಯಲ್ಲ, ಸೆಲ್ಲು ಹಾಕುವುದೂ ಅಲ್ಲ. ಎಣ್ಣೆ ಕುಡಿದು ಓಡುವ, ನನ್ನ ಹೆಬ್ಬೆರಳಿನಷ್ಟು ದಪ್ಪ ಸಿಲಿಂಡರಿನ ನಿಜವಾದ ಇಂಜಿನ್. ಇಂಜಿನ್ನುಗಳ ಜೊತೆ ಆಯುಷ್ಯ ಕಳೆದ ನಾನು ಅಷ್ಟು ಸಣ್ಣದನ್ನು ನೋಡಿಯೇ ಇರಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ನೀಲವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಎಷ್ಟಕ್ಕ ತಂದ್ರಿ?" ಎಂದಳು. ನಾನು ಮೂರು ಬೆರಳು ತೋರಿಸಿದೆ. "ಮೂವತ್ತು ರೂಪಾಯಿ ದಂಡ," ಎಂದು ಒಳಗೆ ಹೋದಳು. ನಾನು ತಿದ್ದಲಿಲ್ಲ.

ನಾನು ಹಾನಗಲ್ಲಿನವನು. ಹೊಲದ ಪಂಪು, ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್, ಔಷಧ ಹೊಡೆಯುವ ಯಂತ್ರ, ಸ್ಕೂಟರ್ ಎಲ್ಲವನ್ನೂ ರಿಪೇರಿ ಮಾಡಿ, ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತವನು. ಸುಸ್ತಾಗಿ ಬಿಡಲಿಲ್ಲ. ನಮ್ಮ ಕಾಲದ ಮಿಸ್ತ್ರಿಗೆ ಕಿವಿಯೇ ಬಂಡವಾಳ. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳಬೇಕು. ಒಂದು ದಿನ ಅಂಗಡಿಯಲ್ಲಿ ಓಡುತ್ತಿದ್ದ ಇಂಜಿನ್ ನಿಂತೇಹೋಗಿದೆ ಎಂದು, ಮತ್ತೆ ಹತ್ತಿಸಲು ಹಗ್ಗ ಸುತ್ತಲು ಹೋದೆ. ಅಳಿಯ ಓಡಿ ಬಂದು ಕೈ ಹಿಡಿದ. ಅಂದೇ ಗೊತ್ತಾಯಿತು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನ ಬಳಿ ಬಂದು "ಏನರ ಹೇಳ್ರಿ ಕಾಕಾ" ಎನ್ನುತ್ತಾರೆ. ಹೇಳುವುದನ್ನೆಲ್ಲ ಈ ಕಾರಿನ ನೆಪದಲ್ಲೇ ಹೇಳುತ್ತೇನೆ. ಏಕೆಂದರೆ ನಾನು ಕಲಿತದ್ದೆಲ್ಲ ಇದಕ್ಕೆ ಬೇಕಾಯಿತು, ಕಲಿಯದೆ ಬಿಟ್ಟದ್ದೂ ಇದರಿಂದಲೇ ಗೊತ್ತಾಯಿತು.

ಕಾರು ಒಂದು ಮೊಳ ಉದ್ದ. ಮೈಯೆಲ್ಲ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಡಿದ್ದು. ಒಳಗಿನಿಂದ ನೋಡಿದರೆ ಡಬ್ಬಿಯ ಹಳೇ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಇಂಜಿನ್ ಮಾತ್ರ ಪರದೇಶದ್ದು. ಪ್ಲಗ್ಗಿಲ್ಲ. ತಲೆಯ ಮೇಲೆ ಒಂದು ತಿರುಪು. ಅದನ್ನು ಬಿಗಿ ಮಾಡಿದರೆ ಒಳಗಿನ ಒತ್ತಡ ಹೆಚ್ಚುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಡೀಸೆಲ್ ಇಂಜಿನ್ನಿನಂತೆ ಒತ್ತಡಕ್ಕೇ ಹೊತ್ತಿಕೊಳ್ಳುವ ಜಾತಿ. ಮುಂದಿನ ಅಚ್ಚು ಸೊಟ್ಟಗಾಗಿತ್ತು, ಎರಡೂ ಗಾಲಿ ಒಂದೇ ಕಡೆಗೆ ಸ್ವಲ್ಪ ವಾಲಿದ್ದವು. ಎಡಮಗ್ಗುಲಿಗೆ ಎರಡು ಸಣ್ಣ ಕಡಗ. ಗೋಡೆಗೆ ನೇತುಹಾಕಲು ಇರಬೇಕು ಅಂದುಕೊಂಡೆ. ಇಂಜಿನ್ ತಿರುಗುತ್ತಲೇ ಇರಲಿಲ್ಲ. ಮೂಸಿ ನೋಡಿದರೆ ಹಳೇ ಔಡಲೆಣ್ಣೆಯ ವಾಸನೆ. ಎಣ್ಣೆ ಒಣಗಿ ಅಂಟಾಗಿ, ಪಿಸ್ಟನ್ನನ್ನು ಕಚ್ಚಿ ಹಿಡಿದಿತ್ತು.

ಇಲ್ಲಿ ನನ್ನ ಉಸ್ತಾದರ ಮಾತು ಬರಬೇಕು. ಗೌಸುಸಾಬರ ಕೈಕೆಳಗೆ ನಾನು ಕೆಲಸ ಕಲಿತೆ. ಉದ್ದ ಮನುಷ್ಯ, ಕಡಿಮೆ ಮಾತು, ಬಾಯಿ ತುಂಬ ಎಲೆಯಡಿಕೆ. ಮೊದಮೊದಲು ಒಮ್ಮೆ ಆಡೂರಿನ ಹೊಲವೊಂದರಲ್ಲಿ ಪಂಪಿನ ಇಂಜಿನ್ ಕಚ್ಚಿಕೊಂಡಿತ್ತು. ಉಸ್ತಾದರು ಬರುವುದರೊಳಗೆ ಶಹಬಾಸ್ ಅನ್ನಿಸಿಕೊಳ್ಳೋಣ ಎಂದು ನಾನು ಕಟ್ಟಿಗೆಯ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದೆ. ಪಿಸ್ಟನ್ ಕದಲಲಿಲ್ಲ, ಅದರ ತಲೆ ಒಡೆಯಿತು. ಉಸ್ತಾದರು ಬಂದು ನೋಡಿದರು. ಎಲೆ ಉಗುಳಿ, "ಅದೇನು ಕಳ್ಳ ಏನೋ, ಹೊಡದು ಬಾಯಿ ಬಿಡಸಾಕ?" ಎಂದರು. ಅಷ್ಟೇ. ಹೊಲದವರು ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಕಲಿಸಿತು.

ಹೀಗಾಗಿ ಈ ಸಣ್ಣ ಇಂಜಿನ್ನಿಗೆ ಹೊಡೆಯಲಿಲ್ಲ, ಬಿಸಿ ಮಾಡಿದೆ. ಒಣಗಿದ ಔಡಲೆಣ್ಣೆ ಬಿಸಿಗೆ ಮೆತ್ತಗಾಗುತ್ತದೆ. ಸಣ್ಣ ಉರಿ ಬೇಕು, ಎಲ್ಲ ಕಡೆ ಸಮನಾಗಿ ಬೇಕು. ಅಂಥ ಉರಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಡೆ.

"ಅಯ್ಯ ನಮ್ಮವ್ವಾ! ರೊಟ್ಟಿ ಹಂಚಿನ ಮ್ಯಾಲೆ ಇಂಜಿನ್ ಇಟ್ಟಾರ!" ನೀಲವ್ವನ ಕೂಗು ನನಗೆ ಕೇಳಿಸದಿದ್ದರೂ ಮುಖ ನೋಡಿ ತಿಳಿಯಿತು.

"ರೊಟ್ಟಿ ಬೇಯಿಸೋದು ಆತಲ್ಲ, ಹಂಚು ಖಾಲಿ ಐತಿ."

"ಹಂಗಾರ ನಾಳೆ ನಿಮ್ಮ ರೊಟ್ಟಿ ಆ ಗಾಡ್ಯಾಗ ಸುಡ್ರಿ."

ಬೈಯುತ್ತಲೇ ಅವಳು ಉರಿ ಇನ್ನಷ್ಟು ಸಣ್ಣದು ಮಾಡಿದಳು. ಹಂಚಿನ ಹದ ಅವಳಿಗೇ ಗೊತ್ತು. ಬಟ್ಟೆ ಸುತ್ತಿ ಹಿಡಿದು ಮೆಲ್ಲಗೆ ತಿರುಗಿಸಿದಾಗ ಪಿಸ್ಟನ್ ಬೆಣ್ಣೆಯಂತೆ ಜಾರಿತು.

ಬಿಚ್ಚಿ ನೋಡಿದರೆ ತಲೆಯ ತಿರುಪಿನ ಕೆಳಗೆ ಸಿಲಿಂಡರನ್ನು ಮುಚ್ಚುವ ಒಂದು ಚಿಕ್ಕ ಬಿರಡೆ ಸವೆದು ಒತ್ತಡ ಸೋರುತ್ತಿತ್ತು. ಈಗಿನವರು ಅಂಗಡಿಗೆ ಹೋಗಿ "ಸೆಟ್ ಕೊಡ್ರಿ" ಎನ್ನುತ್ತಾರೆ, ಹಳೆಯದನ್ನು ಬಿಸಾಡಿ ಹೊಸದನ್ನು ಕೂರಿಸುತ್ತಾರೆ. ಅದನ್ನು ನಾನು ಬೈಯುವುದಿಲ್ಲ. ಗಿರಾಕಿಗೆ ಸಮಯ ಉಳಿಯುತ್ತದೆ, ನಿಮಗೂ ಸೊಂಟ ಉಳಿಯುತ್ತದೆ. ಆದರೆ ಸೆಟ್ ಸಿಗದ ಇಂಜಿನ್ ಒಂದಲ್ಲ ಒಂದು ದಿನ ನಿಮ್ಮ ಮುಂದೆ ಬರುತ್ತದೆ. ಅಂದಿಗಾಗಿ ಒಬ್ಬ ಲೇಥಿನವನ ಸ್ನೇಹ ಇರಲಿ. ನನ್ನ ಲೇಥಿನವನು ಶಿಗ್ಗಾವಿಯ ಕಾಳಪ್ಪ. ಅವನು ಬಿರಡೆಯನ್ನು ಅಂಗೈಯಲ್ಲಿಟ್ಟು, "ಇದನ್ನ ಕೆಳಗ ಬೀಳಿಸಿದ್ರ ಇರುವಿ ಹೊತ್ಕೊಂಡು ಹೋಗ್ತಾವ," ಎಂದ. ಮಾಡಿಕೊಟ್ಟ. ಮಾಡಿದ್ದು ಒಂದನ್ನಲ್ಲ, ಮೊದಲಿನವು ಕಣ್ಣಿಗೆ ಸರಿ ಕಂಡರೂ ಬೆರಳಿಗೆ ಸರಿ ಬರಲಿಲ್ಲ. ಕೊನೆಯದು ಕೂತಿತು.

ಇಷ್ಟಾದ ಮೇಲೆ ಇದು ಯಾರದ್ದು ಎಂಬ ಕುತೂಹಲ ನನಗೆ ಹತ್ತಿತು. ಕುತೂಹಲದ ಹಿಂದೆ ವ್ಯಾಪಾರವೂ ಇತ್ತು, ಮುಚ್ಚಿಡುವುದಿಲ್ಲ. ಅಳಿಯ ಕಾರಿನ ಫೋಟೊವನ್ನು ಮೊಬೈಲಿನಲ್ಲಿ ಹಾಕಿದ್ದನ್ನು ನೋಡಿ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರು. ಇಂಥವನ್ನು ಕೂಡಿಡುವ ಹವ್ಯಾಸಿಗಳಂತೆ. ಓಡುವ ಸ್ಥಿತಿಗೆ ತಂದರೆ ನಾನು ಕೊಟ್ಟದ್ದರ ಹತ್ತು ಪಟ್ಟು ಕೊಡುತ್ತೇನೆಂದರು. ಸಾಮಾನಿನ ಜೊತೆ ಅದರ ಕಥೆಯೂ ಇದ್ದರೆ ರೇಟು ಇನ್ನೂ ಏರುತ್ತದೆ ಎಂಬುದು ನನ್ನ ಲೆಕ್ಕ. ಫಕ್ಕೀರಪ್ಪನನ್ನು ಕೇಳಿದೆ. ಸವಣೂರಿನ ಎಲೆ ವ್ಯಾಪಾರದ ಮನೆಯೊಂದರಿಂದ ಬಂತು ಎಂದ.

ಸವಣೂರಿನಲ್ಲಿ ವೀಳ್ಯದೆಲೆಯ ಮನೆ ಹುಡುಕುವುದು ಕಷ್ಟವಲ್ಲ, ಸರಿಯಾದ ಮನೆ ಹುಡುಕುವುದು ಕಷ್ಟ. ಕಡೆಗೆ ಸಿಕ್ಕಿತು. ಹಳೇ ಮನೆಯ ಅರ್ಧ ಕೆಡವಿದ್ದರು. ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತು ಒದ್ದೆ ಗೋಣಿಯ ಮೇಲಿನ ಎಲೆಗಳನ್ನು ಒಂದರ ಮೇಲೊಂದು ಇಟ್ಟು ಪೆಂಡಿ ಕಟ್ಟುತ್ತಿದ್ದರು. ನೋಡದೆ, ಬೆರಳಿನಿಂದಲೇ. ಕೊಳೆತ ಎಲೆ ಬಂದರೆ ಬೆರಳು ಅಲ್ಲೇ ನಿಂತು ಅದನ್ನು ಪಕ್ಕಕ್ಕೆ ಎಸೆಯುತ್ತಿತ್ತು. ಅವರೇ ಹುಸೇನಬಿ. ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ಜೊತೆಗಿದ್ದವನು ಅವರ ಅಣ್ಣನ ಮಗ ಅಲ್ತಾಫ, ಮನೆ ಕಟ್ಟಿಸುತ್ತಿದ್ದವನು.

ನಾನು ಕಾರಿನ ಸುದ್ದಿ ತೆಗೆದ ಕೂಡಲೇ ಹುಸೇನಬಿಯವರ ಬೆರಳು ನಿಂತವು.

"ಅಲ್ತಾಫ! ಅದನ್ನ ಗುಜರಿಗೆ ಹಾಕಿದಿ?"

"ಮಾಳಗಿ ಮ್ಯಾಲೆ ತುಕ್ಕು ಹಿಡದು ಬಿದ್ದಿತ್ತು ಫೂಫಿ. ತಗಡು ಅಂತ..."

"ನಿಮ್ಮಪ್ಪಂದು ಅದು! ನಿನ್ನೂ ತಗಡಿನ ಜೋಡಿ ತೂಕಕ್ಕ ಹಾಕಬೇಕಿತ್ತು!" ಅಲ್ತಾಫ ತಲೆ ಕೆರೆದುಕೊಂಡ. ಅವರು ನನ್ನ ಕಡೆ ತಿರುಗಿದರು. "ಮಿಸ್ತ್ರಿ, ಅದು ನಮ್ಮಣ್ಣ ಖಾದರನ ಗಾಡಿ. ತಂದು ಕೊಡ್ರಿ."

"ಅಕ್ಕಾರ, ಪುಕ್ಕಟೆ ಬಂದಿದ್ದಲ್ಲರಿ. ದುಡ್ಡು ಕೊಟ್ಟು ತಗೊಂಡೇನಿ. ಹುಬ್ಬಳ್ಳಿ ಗಿರಾಕಿನೂ ನಿಂತಾರ."

ಅವರು ಸಿಟ್ಟಾಗಲಿಲ್ಲ. ದಲಾಲಿಯ ಮಗಳು, ಅವರ ತಂದೆ ಎಲೆಗೆ ಬರುವ ಮೊದಲು ದನದ ಸಂತೆಯಲ್ಲಿ ಹೆಸರು ಮಾಡಿದವರಂತೆ. ಮೊದಲು ಕಥೆ ಹೇಳಿದರು. ಅಣ್ಣ ಮುಂಬಯಿಯಲ್ಲಿ ಹಡಗು ರಿಪೇರಿಯ ಕೆಲಸದಲ್ಲಿದ್ದ. ಅಲ್ಲಿ ಯಾರಿಂದಲೋ ಆ ಪುಟ್ಟ ಇಂಜಿನ್ ಕೊಂಡು ತಂದು, ಈ ಅಂಗಳದಲ್ಲಿ ಕುಳಿತು ತಗಡು ಕತ್ತರಿಸಿ ಕಾರು ಮಾಡಿದ. ರಜೆಗೆ ಬಂದಾಗಲೆಲ್ಲ ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಲಿಲ್ಲ.

"ಒಳಗ ಗ್ವಾಡಿಗೆ ಅಣ್ಣನ ಫೋಟೊ ಅದಾವ. ಬಂದವರೆಲ್ಲ ನೋಡಿ ಛಂದ ಅದಾನ ಅಂತಾರ. ನನಗೇನು ಬಂತು ಅದರಿಂದ? ನನಗ ಉಳದದ್ದು ಆ ಗಾಡಿ ಸದ್ದು ಒಂದ." ಅವರು ಒಂದು ಪೆಂಡಿ ಕಟ್ಟಿ ಮುಗಿಸಿದರು. "ಓಡಿಸಿ ಕೇಳಸ್ರಿ. ಅದ ಸದ್ದು ಬಂದ್ರ ನಾ ಕೊಳ್ತೇನಿ. ಬ್ಯಾರೆ ಸದ್ದು ಬಂದ್ರ ನಿಮ್ಮ ಗಾಡಿ ನಿಮಗ, ಹುಬ್ಬಳ್ಳಿಗರ ಕೊಡ್ರಿ, ಹುಲಗೂರಿಗರ ಕೊಡ್ರಿ. ಆದ್ರ ಲಗೂನ ಬರ್ರಿ. ಬರೋ ವಾರ ಈ ಅಂಗಳ ಅಗ್ಯಾಕ ಜೆಸಿಬಿ ಬರತೈತಿ."

ಅಂಗಳಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕಿವುಡರ ಚಟ ಅದು. ಒಂದು ಪ್ರಶ್ನೆ ಕೇಳಿದರೆ ಉತ್ತರವನ್ನು ಎರಡು ಸಲ ಹೇಳಿಸಬೇಕಾಗುತ್ತದೆ ಎಂದು ಕೇಳುವುದನ್ನೇ ಬಿಡುತ್ತೇವೆ.

ಹಾನಗಲ್ಲಿಗೆ ಬಂದು ಉಳಿದ ಕೆಲಸಕ್ಕೆ ಕೈ ಹಚ್ಚಿದೆ. ಸೊಟ್ಟಗಿದ್ದ ಮುಂದಿನ ಅಚ್ಚನ್ನು ವೈಸಿನ ದವಡೆಯಲ್ಲಿ ಸಿಕ್ಕಿಸಿ ನೆಟ್ಟಗೆ ಮಾಡಿದೆ. ಇದಕ್ಕೆ ಹಾಕುವ ಎಣ್ಣೆ ಈಥರ್, ಸೀಮೆಎಣ್ಣೆ, ಔಡಲೆಣ್ಣೆ ಬೆರೆಸಿದ್ದು. ಈಥರನ್ನು ಹುಬ್ಬಳ್ಳಿಯಲ್ಲಿ ಕಾಲೇಜಿನ ಪ್ರಯೋಗಶಾಲೆಗಳಿಗೆ ಸಾಮಾನು ಮಾರುವ ಅಂಗಡಿಯಿಂದ ತರಿಸಿದೆ. ಅದು ಪೆಟ್ರೋಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಆ ಬಾಟಲಿಗೆ ಅಡಿಗೆಮನೆಯ ಹೊಸ್ತಿಲು ದಾಟುವ ಪರವಾನಗಿ ಇರಲಿಲ್ಲ.

ಬೆಳಿಗ್ಗೆ ಮನೆಯ ಮುಂದಿನ ಬೀದಿಯಲ್ಲಿ ಕಾರು ಇಟ್ಟೆ. ಗಾಲಿ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಎತ್ತಿ, ಒಳಗಿನ ಪುಟ್ಟ ಚಕ್ರಕ್ಕೆ ದಾರ ಸುತ್ತಿ ಎಳೆದೆ. ಹತ್ತಲಿಲ್ಲ. ತಿರುಪು ಬಿಗಿ ಮಾಡಿ ಎಳೆದೆ. ಮತ್ತೆ ಎಳೆದೆ. ಬೆರಳಿಗೆ ನಡುಕ ಹತ್ತಿತು! ಕಿವಿಗೆ ಏನೂ ಇಲ್ಲ, ಆದರೆ ಅಂಗೈಯಲ್ಲಿ ಜೇನುಹುಳ ಹಿಡಿದಂತೆ. ಆ ಸಂತೋಷದಲ್ಲಿ ಕಾರನ್ನು ನೆಲಕ್ಕೆ ಬಿಟ್ಟೆ.

ಬಾಣ ಬಿಟ್ಟಂತೆ ಹೋಯಿತು. ಎದುರು ಮನೆಯ ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ನುಗ್ಗಿ, ಆಚೆಗೆ ಒಣಹಾಕಿದ್ದ ಗೋವಿನಜೋಳದ ರಾಶಿಯೊಳಗೆ ತಲೆ ಹುಗಿಸಿತು. ಜೋಳ ಕಾಯುತ್ತಿದ್ದ ಎದುರು ಮನೆಯ ಮಲ್ಲವ್ವ ಕೋಲು ಎತ್ತಿಕೊಂಡು ನಿಂತಳು. "ಏನ್ರಿ ಅದು, ಹೆಗ್ಗಣ ಸಾಕೀರೇನು?" ಕಾರಿನ ಮೂತಿ ಜಜ್ಜಿತ್ತು. ನೀಲವ್ವ ಬಾಗಿಲಲ್ಲಿ ನಿಂತು ಕಣ್ಣೀರು ಬರುವವರೆಗೆ ನಕ್ಕಳು. ನಾನು ಮಧ್ಯಾಹ್ನದವರೆಗೆ ಮೂತಿ ತಿದ್ದಿದೆ.

ಆದರೂ ಓಡಿತಲ್ಲ. ಮರುದಿನವೇ ಸವಣೂರಿಗೆ ಹೊರಟೆ. ಹುಸೇನಬಿಯವರು ಕಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲೆ ನೋಡುವ ಬೆರಳಿನಿಂದಲೇ ಅದನ್ನೂ ನೋಡಿದರು. ಮೈ ಸವರಿದರು, ಎಡಗಡೆಯ ಕಡಗ ಹಿಡಿದರು, ಮುಂದಿನ ಗಾಲಿಗೆ ಬಂದು ನಿಂತರು.

"ಇದು ನೆಟ್ಟಗ ಐತಲ್ಲ! ನಮ್ಮಣ್ಣಂದು ಸೊಟ್ಟ ಇತ್ತು."

"ಸೊಟ್ಟ ಇದ್ದದ್ದನ್ನ ನಾನ ನೆಟ್ಟಗ ಮಾಡೇನಿ ಅಕ್ಕಾರ."

"ಯಾರ್ ಹೇಳಿದ್ರು ನಿಮಗ?"

ನನ್ನ ಜೀವಮಾನದಲ್ಲಿ ಸೊಟ್ಟಗಿರುವುದನ್ನು ನೆಟ್ಟಗೆ ಮಾಡಿದ್ದಕ್ಕೆ ಯಾರೂ ಹೀಗೆ ಕೇಳಿರಲಿಲ್ಲ.

"ರಾಶಿ ಮಾಡೋ ಕಣ ನೋಡಿಲ್ಲೇನ್ರಿ? ನಡುವ ಮೇಟಿ ಹುಗದು, ಎತ್ತು ಸುತ್ತ ತಿರಗ್ತಾವ. ಇದು ಮೇಟಿ ಸುತ್ತೋ ಗಾಡಿ ಮಿಸ್ತ್ರಿ! ನೆಟ್ಟಗ ಓಡೋದಲ್ಲ. ಅಕೋ ನೋಡ್ರಿ, ಅಂಗಳದಾಗ."

ಅಂಗಳದ ನಡುವೆ ಉದ್ದನೆಯ ಹಾಸುಗಲ್ಲು. ಅದರ ಒಂದು ತುದಿ ನಾವು ಕುಳಿತ ಕಟ್ಟೆಯ ಬುಡದವರೆಗೆ ಬಂದಿತ್ತು. ಇನ್ನೊಂದು ತುದಿಯಲ್ಲಿ ಗೇಣುದ್ದದ ಕಬ್ಬಿಣದ ಗೂಟ, ಗೂಟಕ್ಕೆ ಒಂದು ಬಳೆ. ಆ ಬಳೆಗೆ ಒಂದು ಮಾರು ತಂತಿ ಕಟ್ಟಿ, ತಂತಿಯ ತುದಿಯನ್ನು ಕಾರಿನ ಎಡಗಡೆಯ ಕಡಗಗಳಿಗೆ ಸಿಕ್ಕಿಸಬೇಕು. ಕಾರು ಗೂಟವನ್ನು ಸುತ್ತುತ್ತದೆ. ಅದಕ್ಕೇ ಗಾಲಿಗಳು ವಾಲಿದ್ದವು. ಕಡಗ, ಗಾಲಿ, ಅಂಗಳ ಎಲ್ಲ ಒಂದೇ ಸಲ ಅರ್ಥವಾಯಿತು. ಮಲ್ಲವ್ವನ ಜೋಳದ ರಾಶಿಯೂ ಅರ್ಥವಾಯಿತು.

ಅಚ್ಚನ್ನು ಮತ್ತೆ ಸೊಟ್ಟ ಮಾಡಿದೆ. ಎಷ್ಟು ಸೊಟ್ಟ ಎಂಬುದನ್ನು ಅವರ ಬೆರಳು ಹೇಳಿತು. ಗೂಟದ ಬಳೆ ತುಕ್ಕು ಹಿಡಿದಿತ್ತು. ಉಜ್ಜಿ, ಚೀಲದಲ್ಲಿದ್ದ ಗ್ರೀಸು ಧಾರಾಳವಾಗಿ ತುಂಬಿ, ಸರಾಗ ತಿರುಗುವಂತೆ ಮಾಡಿದೆ. ಒಳ್ಳೆಯ ಮಿಸ್ತ್ರಿ ಮಾಡುವ ಕೆಲಸವೇ.

ಈಗ ಇಂಜಿನ್ನಿನ ಸದ್ದು ಹದಕ್ಕೆ ತರಬೇಕು. ನನಗೆ ಕೇಳಿಸುವುದಿಲ್ಲ. ಅವರಿಗೆ ಕಾಣುವುದಿಲ್ಲ.

"ಛಲೋ ಜೋಡಿ ಆತು," ಎಂದರು ಹುಸೇನಬಿ. "ಇಂಜಿನ್ ಹತ್ತಿದ ಮ್ಯಾಲೆ ನಾ ಹೇಳಿದ್ದು ನಿಮಗ ಕೇಳಂಗಿಲ್ಲ, ನೀವು ಕೈ ಮಾಡಿದ್ದು ನನಗ ಕಾಣಂಗಿಲ್ಲ. ಇನ್ನ ಅಪ್ಪನ ವಿದ್ಯಾನ ಗತಿ. ಎಡಗೈ ಕೊಡ್ರಿ ಇಲ್ಲೆ." ನನ್ನ ಎಡಗೈಯ ಮೇಲೆ ತಮ್ಮ ಸೆರಗು ಹಾಕಿ ಬೆರಳು ಹಿಡಿದರು. "ಒಂದು ಬೆರಳು ಒತ್ತಿದ್ರ ಬಿಗಿ ಮಾಡ್ರಿ. ಎರಡು ಒತ್ತಿದ್ರ ಸಡಲ ಮಾಡ್ರಿ."

ಅಲ್ತಾಫ ದಾರ ಎಳೆದ. ಇಂಜಿನ್ ಹತ್ತಿತು. ಬಲಗೈ ತಿರುಪಿನ ಮೇಲೆ, ಎಡಗೈ ಸೆರಗಿನ ಕೆಳಗೆ. ಒಂದು ಒತ್ತಿದರು, ಬಿಗಿ ಮಾಡಿದೆ. ಮತ್ತೆ ಒಂದು. ಎರಡು, ಸಡಿಲಿಸಿದೆ. ಅವರ ತಲೆ ಒಂದು ಕಡೆ ವಾಲಿತ್ತು. ಆಮೇಲೆ ಇದ್ದಕ್ಕಿದ್ದಂತೆ ಐದೂ ಬೆರಳು ಅದುಮಿ ಹಿಡಿದರು.

ಐದು! "ಐದು ಸುತ್ತು ಬಿಗಿ ಮಾಡ್ಲೇನ್ರಿ?" ಎಂದು ಕೂಗಿದೆ. "ಇಂಜಿನ್ ಒಡೀತೈತ್ರಿ!"

ಅವರು ನನ್ನ ಕಿವಿಗೆ ಬಾಯಿ ಹಚ್ಚಿ ಕಿರುಚಿದರು. "ಐದಲ್ಲೋ ಮಾರಾಯಾ! ಹದಾ ಆತು ಅಂತ! ಗಾಡಿ ಬಿಡು!"

ಬಿಟ್ಟೆ. ಕಟ್ಟೆ ಏರಿ ಕುಳಿತೆ. ಕಾರು ಗೂಟವನ್ನು ಸುತ್ತಿತು. ಔಡಲೆಣ್ಣೆಯ ಹೊಗೆ ಅಂಗಳದಲ್ಲಿ ಉಂಗುರ ಕಟ್ಟಿತು. ಅಕ್ಕಪಕ್ಕದ ಮನೆಯವರು ಬಂದು ನಿಂತರು. ನಾನು ಕಾರನ್ನು ನೋಡಲಿಲ್ಲ, ಹುಸೇನಬಿಯವರ ಮುಖ ನೋಡಿದೆ. ಸದ್ದಿನ ಹಿಂದೆ ಅವರ ಮುಖವೂ ತಿರುಗುತ್ತಿತ್ತು. ಎಣ್ಣೆ ಮುಗಿದು ಕಾರು ನಿಂತಿತು.

"ಇಂಜಿನ್ ಖರೇನ ಅದ," ಎಂದರು. ದನಿಯಲ್ಲಿ ಸಂತೋಷ ಇರಲಿಲ್ಲ ಎಂದು ಅಲ್ತಾಫ ಆಮೇಲೆ ಹೇಳಿದ. ನನಗೆ ಮುಖದಲ್ಲೇ ಕಂಡಿತು. "ಆದ್ರ ಏನೋ ಕಮ್ಮಿ ಐತಿ. ಏನಂತ ಹೇಳಾಕ ಬರವಲ್ದು. ಅಣ್ಣ ಓಡಿಸಿದಂಗ ಇಲ್ಲ."

ಮಾತಿನ ಪ್ರಕಾರ ಕಾರು ನನ್ನದಾಯಿತು. ಹುಬ್ಬಳ್ಳಿಯವರಿಗೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ 'ಏನೋ ಕಮ್ಮಿ' ಎಂದು ಗಿರಾಕಿ ಹೇಳಿದ ಮೇಲೆ ಚೀಲ ಕಟ್ಟುವ ಅಭ್ಯಾಸ ನನಗಿಲ್ಲ. ಅಬಲೂರಿನ ಗಿರಣಿ ನೆನಪಾಯಿತು.

ಅಲ್ಲಿನ ಗಿರಣಿಯಲ್ಲಿ ಟಪ್ ಟಪ್ ಎಂಬ ಸದ್ದು ಬರುತ್ತಿತ್ತು. ಬಂದ ಮಿಸ್ತ್ರಿಗಳೆಲ್ಲ ಇಂಜಿನ್ ಬಿಚ್ಚಿ ಜೋಡಿಸಿದ್ದರು, ಸದ್ದು ಹೋಗಿರಲಿಲ್ಲ. ನಾನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ. ನಮ್ಮ ಕಾಲದ ಮಿಸ್ತ್ರಿಯ ಸ್ಟೆತೊಸ್ಕೋಪು ಅದೇ. ಇಂಜಿನ್ನಿನ ಒಳಗೆ ಏನೂ ಇರಲಿಲ್ಲ. ಸದ್ದು ಬರುತ್ತಿದ್ದದ್ದು ಇಂಜಿನ್ನಿನಿಂದ ಗಿರಣಿಗೆ ಹೋಗುವ ಪಟ್ಟೆಯಿಂದ. ಪಟ್ಟೆಯ ಎರಡು ತುದಿ ಜೋಡಿಸಿದ ತಗಡಿನ ಹಲ್ಲು ಎದ್ದು, ಸುತ್ತು ಬಂದಾಗಲೆಲ್ಲ ಚಕ್ರಕ್ಕೆ ಬಡಿಯುತ್ತಿತ್ತು. ಬಡಿದು ಕೂರಿಸಿದೆ, ಸದ್ದು ನಿಂತಿತು. ಆದರೆ ಗಿರಣಿಯ ಮಾಲೀಕನಿಗೆ ಸಮಾಧಾನವಿಲ್ಲ. "ಇಂಜಿನ್ ಬಿಚ್ಚಲಿಲ್ಲ ಅಂದ್ರ ರಿಪೇರಿ ಹೆಂಗಾತ್ರಿ?" ಎಂದ. ಅವನ ಸಮಾಧಾನಕ್ಕೆ ಇಂಜಿನ್ನಿನ ಮೇಲಿನ ಒಂದು ಮುಚ್ಚಳ ಬಿಚ್ಚಿ, ಒರೆಸಿ, ಮತ್ತೆ ಮುಚ್ಚಿದೆ. ಆಗ ಚಹಾ ಬಂತು.

ಸದ್ದು ಎಲ್ಲಿಂದ ಬರುತ್ತಿದೆ ಎಂದು ನಾವು ತಿಳಿದಿರುತ್ತೇವೋ ಅಲ್ಲಿಂದಲೇ ಬರಬೇಕೆಂದೇನೂ ಇಲ್ಲ. ಸವಣೂರಿನ ಅಂಗಳದಲ್ಲಿ ಎದ್ದು ಹೋಗಿ ಕಾರು ಬಿಟ್ಟು ಉಳಿದದ್ದನ್ನೆಲ್ಲ ಮುಟ್ಟಿ ನೋಡಿದೆ. ತಂತಿ, ಕಡಗ, ಕಲ್ಲು. ಗೂಟದ ಬಳೆ ಹಿಡಿದು ತಿರುಗಿಸಿದೆ. ಬೆಣ್ಣೆಯಂತೆ ತಿರುಗಿತು. ಅಷ್ಟು ಸರಾಗ! ಬೆರಳಿಗೆ ನನ್ನದೇ ಗ್ರೀಸು ಅಂಟಿತು.

ಹಿಂದೆ ಇಲ್ಲಿ ಗ್ರೀಸು ಇತ್ತೇ?

ಚಿಂದಿಗೆ ಸೀಮೆಎಣ್ಣೆ ಹಚ್ಚಿ ಗೂಟವನ್ನೂ ಬಳೆಯನ್ನೂ ಒರೆಸಿದೆ. ಒಣಗಿಸಿದೆ. ಇನ್ನೊಮ್ಮೆ ಒರೆಸಿದೆ. ಅಲ್ತಾಫ, "ಏನ್ ಮಾಡಾಕತ್ತೀರಿ, ಆಗಲೇ ನೀವ ಹಚ್ಚಿದ್ರಿ," ಎಂದ. "ರಿಪೇರಿ ಮಾಡಿದ್ದನ್ನ ರಿಪೇರಿ ಮಾಡಾಕತ್ತೇನಿ," ಎಂದೆ. ಕಾರಿಗೆ ಎಣ್ಣೆ ತುಂಬಿ, ಇಂಜಿನ್ ಹತ್ತಿಸಿ, ನೆಲಕ್ಕೆ ಬಿಟ್ಟು ಕಟ್ಟೆಗೆ ಓಡಿ ಬಂದು ಕುಳಿತೆ.

ಎರಡು ಸುತ್ತು. ಮೂರನೆಯದಕ್ಕೆ ಹುಸೇನಬಿಯವರ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು.

ಅವರು ಏನೋ ಹೇಳುತ್ತಿದ್ದರು. ತುಟಿ ಆಡುವುದು ಕಂಡಿತು, ಕೇಳಿಸಲಿಲ್ಲ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಕಟ್ಟೆಯ ಬುಡಕ್ಕೆ ಬಂದಿದ್ದ ಆ ಹಾಸುಗಲ್ಲಿಗೆ ಅದರ ತುದಿ ಊರಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ. ಕಲ್ಲಿನೊಳಗಿಂದ ಬಂತು. ಕಿಂವ್. ಒಂದು ಸುತ್ತಿಗೆ ಒಂದು ಸಲ. ಕಿಂವ್... ಕಿಂವ್... ಒಣಗಿದ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ, ಯಾವ ಮಿಸ್ತ್ರಿಯೂ ತಡೆದುಕೊಳ್ಳದ ಸದ್ದು. ಎಷ್ಟೋ ದಿನಗಳ ನಂತರ ನನಗೆ ಸ್ವಚ್ಛವಾಗಿ ಕೇಳಿಸಿದ ಸದ್ದು ಅದು.

ಕಾರು ನಿಂತ ಮೇಲೆ ಹುಸೇನಬಿ ಸೆ‌ರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಅವ್ವ ದಿನಾ ಬೈತಿದ್ಲು. ಖಾದರ, ಆ ಗೂಟಕ್ಕ ಒಂದು ಹನಿ ಎಣ್ಣಿ ಬಿಡೋ, ತಲಿ ಚಿಟ್ಟ ಹಿಡೀತು ಅಂತ. ಅಂವ ಬಿಡಲೇ ಇಲ್ಲ." ಮತ್ತೆ ನನ್ನ ಕೈ ಎಳೆದು ಸೆರಗು ಹಾಕಿದರು. "ಇದ ನಮ್ಮ ಗಾಡಿ. ಹಿಡೀರಿ, ವ್ಯಾಪಾರ ಮುಗಿಸೂಣು."

ಮೂರು ಬೆರಳು ಒತ್ತಿದರು. ಮೂರು ಸಾವಿರ, ನನ್ನ ಅಸಲು ನನಗೆ ಬಂತು. ಹುಬ್ಬಳ್ಳಿಯ ರೇಟು ಕಣ್ಣ ಮುಂದೆ ಬಂದು ಹೋಯಿತು. ಹೋಗಲಿ ಎಂದು ಕೈ ಅದುಮಿದೆ.

"ಅಲ್ತಾಫ, ಮಿಸ್ತ್ರ್ಯಾರಿಗೆ ಮೂರು ಪೆಂಡಿ ಎಲಿ ಕೊಡು. ಛಲೋವು ನೋಡಿ ಕೊಡು."

"ಅಕ್ಕಾರ! ಮೂರು ಅಂದ್ರ..."

"ಎಲಿ ವ್ಯಾಪಾರದ ಮನ್ಯಾಗ ಮೂರು ಅಂದ್ರ ಮೂರು ಪೆಂಡಿ ಮಿಸ್ತ್ರಿ. ನೀವ್ ಏನಂತ ತಿಳದಿದ್ರಿ?"

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಸೆರಗಿನ ಕೆಳಗೆ ಒಪ್ಪಿದ್ದು ಒಪ್ಪಿದ್ದೇ. ಎಲೆ ತಂದು ನೀಲವ್ವನ ಮುಂದೆ ಇಟ್ಟೆ. "ಮೂವತ್ತು ರೂಪಾಯಿಗೆ ಮೂರು ಪೆಂಡಿ! ಲಾಭಾನ ಮಾಡೀರಲ್ಲ," ಎಂದಳು. ಈಗಲೂ ತಿದ್ದಿಲ್ಲ. ಜೆಸಿಬಿ ಬಂದ ದಿನ ಅಲ್ತಾಫ ಮೊದಲು ಆ ಹಾಸುಗಲ್ಲನ್ನು ಗೂಟದ ಸಮೇತ ಎತ್ತಿಸಿ ಪಕ್ಕಕ್ಕೆ ಇಡಿಸಿದನಂತೆ. ಈಗ ಹೊಸ ಮನೆಯ ಮುಂದೆ ಅದನ್ನು ಹಾಕಿದ್ದಾರೆ. ಸವಣೂರಿಗೆ ಹೋದಾಗ ನಾನು ಹೋಗಿ ಇಂಜಿನ್ ತೊಳೆದು ಎಣ್ಣೆ ಹಾಕಿ ಬರುತ್ತೇನೆ. ಗೂಟಕ್ಕೆ ಮಾತ್ರ ಹಾಕುವುದಿಲ್ಲ.

ಇನ್ನು ಈ ಕೆಲಸಕ್ಕೆ ಬರುವವರು ಕೇಳಿ. ವ್ಯಾಪಾರ ಮಾಡುವಾಗ ಸಂಖ್ಯೆಗಿಂತ ಮೊದಲು ಅದು ಯಾವುದರ ಲೆಕ್ಕ ಎಂದು ಕೇಳಿಕೊಳ್ಳಿ. ಕಚ್ಚಿಕೊಂಡದ್ದಕ್ಕೆ ಬಿಸಿ ತೋರಿಸಿ, ಸುತ್ತಿಗೆ ತೋರಿಸಬೇಡಿ. ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವ ಮೊದಲು ಅದು ಯಾಕೆ ಸೊಟ್ಟಗಿದೆ ಎಂದು ಅದನ್ನು ಬಳಸಿದವರನ್ನು ವಿಚಾರಿಸಿ. ಒಂದು ಪ್ರಶ್ನೆ ಜಾಸ್ತಿಯಾದರೂ ಪರವಾಗಿಲ್ಲ, ಎರಡು ಸಲ ಹೇಳಿಸಿಕೊಂಡರೂ ಪರವಾಗಿಲ್ಲ. ಎಲ್ಲ ಸದ್ದೂ ರೋಗವಲ್ಲ. ಇಂಜಿನ್ ಓಡುವಾಗ ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಳ್ಳಿ, ಗಿರಾಕಿ ನಕ್ಕರೆ ನಗಲಿ. ಮತ್ತು ಒಂದು ಉದ್ದನೆಯ ಸ್ಕ್ರೂಡ್ರೈವರ್ ಕೊಳ್ಳಿ, ಕಟ್ಟಿಗೆಯ ಹಿಡಿಕೆಯದು, ಕಬ್ಬಿಣ ಹಿಡಿಕೆಯ ತುದಿಯವರೆಗೂ ಹಾಯ್ದದ್ದು. ನಾನು ಮೊದಲ ಸಲ ಚೌಕಾಸಿ ಮಾಡಿ ಅಗ್ಗದ್ದು ತಂದಾಗ ಉಸ್ತಾದರು ಅದನ್ನು ಆಡೂರಿನ ಬಾವಿಗೆ ಎಸೆದು, "ಕಿವಿ ಕೊಳ್ಳಾಕ ಹೋಗಿ ಚೌಕಾಸಿ ಮಾಡ್ತಿ ಏನೋ?" ಎಂದಿದ್ದರು. ಆಗ ಅರ್ಥವಾಗಿರಲಿಲ್ಲ. ಉಳಿದದ್ದಕ್ಕೆಲ್ಲ ಚೌಕಾಸಿ ಮಾಡಿ, ಬಿಡಬೇಡಿ. ಅದೊಂದಕ್ಕೆ ಅಂಗಡಿಯವನು ಕೇಳಿದಷ್ಟು ಕೊಟ್ಟು ಬನ್ನಿ.